ಪುಕ್ಕಟೆ ಸತ್ತವರ ಚೀಟಿ

“ನಿಮ್ಮಮ್ಮ ಇನ್ನೆಲ್ಲಿಗೂ ಹೋಗಲ್ಲಪ್ಪಾ ಇನ್ನಾಸಿ. ಬಿಷಪ್ಪರು ನಾಳೆ ಹನ್ನೊಂದಕ್ಕೆ ಹೊರಟುಬಿಡ್ತಾರೆ. ಮೊದಲು ಸ್ಮಾರಕದ ಕಲ್ಲಿಗೆ ಗುಂಡಿ ತೋಡು.”

ಚರ್ಚಿನ ಕಾರ್ಯದರ್ಶಿ ಭೋಜರಾಜರು ನನ್ನ ಭುಜ ತಟ್ಟುವವರಂತೆ ಕೈಯೆತ್ತಿ, ತಟ್ಟದೆ, ಇದನ್ನು ಹೇಳಿದರು. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಸತ್ತವರ ಕಡೆಯವರ ಜೊತೆ ಎಷ್ಟು ದೂರದಲ್ಲಿ ನಿಂತು ಮೃದುವಾಗಿ ಮಾತಾಡಬೇಕೆಂಬುದು ಅವರಿಗೆ ರೂಢಿಯಾಗಿದೆ.

ನನ್ನ ಅವ್ವ ಪುಟ್ಟತಾಯಮ್ಮ ಶುಕ್ರವಾರ ಸಂಜೆ ತೀರಿಕೊಂಡಿದ್ದಳು. ಶನಿವಾರ ಮಧ್ಯಾಹ್ನ, ಭೋಜರಾಜರು ನನ್ನನ್ನು ಕರೆಸಿಕೊಂಡ ಹೊತ್ತಿಗೆ, ಅವಳು ತಾಂಬರಂ ಹಳಿಯ ಪಕ್ಕದ ನಮ್ಮ ಒಂದೇ ಕೋಣೆಯ ಮನೆಯಲ್ಲಿ, ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆಯೊಳಗೆ ಮಲಗಿದ್ದಳು. ಮದರಾಸಿನ ಸೆಕೆಯಲ್ಲಿ ಇಡೀ ಆಯುಷ್ಯ ಬೆಂದವಳಿಗೆ ಏಸಿ ಸಿಕ್ಕಿದ್ದು ಅದೇ ಮೊದಲು.

ನಲವತ್ತೆರಡು ವರ್ಷ ಈ ಚರ್ಚಿನ ಸ್ಮಶಾನದಲ್ಲಿ ಗುಂಡಿ ತೋಡಿದವಳು ಅವಳು. ಅಪ್ಪ ಸತ್ತ ವಾರಕ್ಕೇ ಅವನ ಗುದ್ದಲಿ ಹಿಡಿದಳು. ಅವಳು ಕೇಳಿಕೊಂಡದ್ದು ಒಂದೇ: ಸ್ಮಶಾನದ ಹಿಂದಿನ ಪಟ್ಟಿಯಲ್ಲಿ, ರೈಲ್ವೆ ಗೋಡೆಗೆ ಒತ್ತಿದ ಹೂವರಸಿ ಮರದ ಕೆಳಗೆ, ಅಪ್ಪನ ಮಗ್ಗುಲಲ್ಲಿ ತನ್ನನ್ನು ಮಲಗಿಸಬೇಕು. ಅಷ್ಟು ಜಾಗವನ್ನು ತಾನೇ ಹೆಜ್ಜೆ ಹಾಕಿ ಅಳೆದು ಖಾಲಿ ಬಿಟ್ಟುಕೊಂಡಿದ್ದಳು.

ಈಗ ಆ ಜಾಗದ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದ ಚೌಕವಿತ್ತು. ಚರ್ಚಿಗೆ ನೂರಾ ಇಪ್ಪತ್ತೈದು ತುಂಬಿದ ನೆನಪಿಗೆ ಸ್ಮಾರಕದ ಕಲ್ಲು ನಿಲ್ಲುವುದು ಅಲ್ಲೇ, ಯಾಕೆಂದರೆ ಆಶೀರ್ವಾದ ಮಾಡುವ ಬಿಷಪ್ಪರಿಗೆ ನೆರಳು ಬೇಕು. ಕಲ್ಲಿನ ಸುತ್ತ ಟೈಲ್ಸ್, ಟೈಲ್ಸಿನ ಸುತ್ತ ಕಾರು ನಿಲ್ಲಿಸುವ ಜಾಗ. ಪುನರುತ್ಥಾನದಲ್ಲಿ ನಂಬಿಕೆಯಿರುವವರಿಗೂ ಪಾರ್ಕಿಂಗ್ ತೊಂದರೆ ತಪ್ಪಿದ್ದಲ್ಲ.

ಭೋಜರಾಜರು ಬಿಡಿಸಿ ಹೇಳಿದರು. ಹಿಂದಿನ ಪಟ್ಟಿ ಸ್ಮಶಾನಕ್ಕೆ ಸೇರಿದ್ದೇ ಅಲ್ಲ. ಅಲ್ಲಿ ಒಬ್ಬರನ್ನಾದರೂ ಹೂಳಿದ್ದಕ್ಕೆ ರಿಜಿಸ್ಟರಿನಲ್ಲಿ ದಾಖಲೆಯಿಲ್ಲ. ದಾಖಲೆಯಿಲ್ಲದ ಕಡೆ ಹೊಸದಾಗಿ ಹೂಳಲು ಕಮಿಟಿ ಒಪ್ಪುವುದಿಲ್ಲ. ಕಾರ್ಪೊರೇಷನ್ನಿನ ಕರೆಂಟ್ ಒಲೆ ಇದೆ, ಸ್ವಚ್ಛ, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಬೇಕಾದರೆ ತಾವೇ ಫೋನು ಮಾಡಿಕೊಡುತ್ತಾರೆ.

“ನಮ್ಮಪ್ಪ ಅಲ್ಲೇ ಅವ್ನೆ ಸಾರ್,” ಅಂದೆ.

“ಎಷ್ಟನೇ ಪುಟದಲ್ಲಿ?” ಅಂದರು.

ಚರ್ಚಿನ ಇತಿಹಾಸ ಬರೆದವರೂ ಅವರೇ. ಬಣ್ಣದ ಹಾಳೆಯ ಸ್ಮರಣ ಸಂಚಿಕೆ. ಅದಕ್ಕಾಗಿ ಮೂರು ಮಧ್ಯಾಹ್ನ ನಮ್ಮ ಮನೆಗೆ ಬಂದು ಅವ್ವನೆದುರು ಕೂತಿದ್ದರು. ನನ್ನ ಹೆಂಡತಿ ಸಿಸಿಲಿ ಚಹಾ ಕೊಟ್ಟಾಗ ಶುಗರ್ ಇದೆ ಅಂದರು. ಸಕ್ಕರೆಯಿಲ್ಲದೆ ಕೊಟ್ಟಾಗ ಗ್ಯಾಸ್ಟ್ರಿಕ್ ಅಂದರು. ನೀರು ಕೊಟ್ಟಾಗ ಬ್ಯಾಗಿನಿಂದ ತಮ್ಮದೇ ಬಾಟಲಿ ತೆಗೆದರು.

“ಏಸುಸ್ವಾಮಿ ಬಾವಿತವು, ಯಾರೂ ನೀರ್ ಮುಟ್ಟದ ಆ ಸಮಾರ್ಯದೋಳ ಕೈಲಿ ನೀರ್ ಕೇಳುದ್ನಂತೆ,” ಎಂದಿದ್ದಳು ಅವ್ವ, ಅವರು ಹೋದ ಮೇಲೆ. “ಪಾಪ, ಅವ್ನಿಗೆ ಗ್ಯಾಸ್ಟಿಕ್ ಇರ್ನಿಲ್ಲ.”

ಅವರಿಗೆ ಅವ್ವ ಎಲ್ಲ ಹೇಳಿದ್ದಳು. ಕೊಳ್ಳೇಗಾಲದ ಕಡೆಯ ಹೊಲಗೇರಿಗಳಿಂದ ಹಳಿ ಕೆಲಸಕ್ಕೆ ಬಂದ ನಮ್ಮವರು ಇಟ್ಟಿಗೆ ಹೊತ್ತು ಈ ಚರ್ಚಿನ ಗುಡಿ ಎಬ್ಬಿಸಿದ್ದು. ಗುಡಿ ಎದ್ದ ಮೊದಲ ಭಾನುವಾರವೇ ನಡುವೆ ಒಂದು ಮರದ ಕಟಕಟೆ ಬಂದದ್ದು, ಇಟ್ಟಿಗೆ ಹೊತ್ತವರು ಅದರ ಹಿಂದೆ ನೆಲದ ಮೇಲೆ ಕೂತದ್ದು. ಎಷ್ಟೋ ವರ್ಷದ ಮೇಲೆ ಕಟಕಟೆ ಹೋದರೂ ಸ್ಮಶಾನದಲ್ಲಿ ನಮ್ಮವರ ಹಿಂದಿನ ಪಟ್ಟಿಗೆ ಅಡ್ಡ ಹಾಕಿದ ಬೇಲಿ ಹೋಗದೆ ಉಳಿದದ್ದು. ಸಂಚಿಕೆಯಲ್ಲಿ ಜಾಗ ಕೊಟ್ಟ ಕಂಟ್ರಾಕ್ಟರು ಬಂದ, ಗಂಟೆ ಕೊಟ್ಟ ದೊರೆ ಬಂದ, ಫ್ಯಾನು ಕೊಟ್ಟವರೆಲ್ಲ ಸಾಲಾಗಿ ಬಂದರು. ಗುಡಿ ಮಾತ್ರ ‘ದೇವರ ಕೃಪೆಯಿಂದ ಮೇಲೆದ್ದಿತು’. ಹಿಂದಿನ ಪಟ್ಟಿಯ ಬಗ್ಗೆ ಒಂದು ಸಾಲು: ‘ಖಾಲಿ ಜಾಗದಲ್ಲಿ ಆಡುಗಳು ಮೇಯುತ್ತಿದ್ದವು.’ ಮೂವತ್ತೊಂದನೇ ಪುಟದಲ್ಲಿ ಅವ್ವನ ಫೋಟೋ ಇದೆ. ಅಂದರೆ ಅವಳ ಗುದ್ದಲಿಯ ಫೋಟೋ. ಕಾವಿನ ತುದಿಯಲ್ಲಿ ಅವಳ ಎರಡು ಬೆರಳು ಕತ್ತರಿಗೆ ಸಿಗದೆ ಉಳಿದಿವೆ. ಕೆಳಗೆ ‘ಪುರಾತನ ಗುದ್ದಲಿ’ ಎಂದು ಬರೆದಿದೆ.

ಆ ಪುರಾತನ ಗುದ್ದಲಿಯನ್ನೇ ಹೆಗಲಿಗಿಟ್ಟು ಸುಣ್ಣದ ಚೌಕದ ಹತ್ತಿರ ಹೋದೆ. ಗುಂಡಿ ತೋಡು ಅಂದವರಿಗೆ ತೋಡಿಕೊಡುವುದೇ ನಮ್ಮ ವಂಶದ ಚಾಳಿ. ಹೆಣ ಮನೆಯಲ್ಲಿದ್ದರೂ ಕೈ ತನ್ನಷ್ಟಕ್ಕೆ ಕೆಲಸ ಶುರುಮಾಡಿತು. ಚೌಕದ ಅಂಚಿನಲ್ಲಿ, ಅಪ್ಪನ ತಲೆಯ ಕಡೆ, ಒಂದು ಮೊಳ ಇಳಿದಿದ್ದೆನೋ ಇಲ್ಲವೋ, ಗುದ್ದಲಿಗೆ ಗಾಜು ತಾಗಿತು.

ನಾನು ಮರೆತೇಬಿಟ್ಟಿದ್ದೆ.

ಗುಂಡಿ ತೋಡಬೇಕಾದರೆ ಆಫೀಸಿನಿಂದ ಚೀಟಿ ಬರಬೇಕು. ಸತ್ತವರ ಹೆಸರು, ತಾರೀಖು, ಫಾದರ್ ಸಹಿ, ಚರ್ಚಿನ ಮೊಹರು. ಫೀಸು ಕಟ್ಟಿದವರ ಚೀಟಿ ಮಣ್ಣು ಮುಚ್ಚಿದ ಮೇಲೆ ಆಫೀಸಿಗೆ ವಾಪಸ್ ಹೋಗಿ ರಿಜಿಸ್ಟರಿಗೆ ಏರುತ್ತದೆ. ಕಟ್ಟಲಾಗದವರ ಚೀಟಿಯ ನೆತ್ತಿಯ ಮೇಲೆ ತಮಿಳಿನಲ್ಲಿ ‘ಇಲವಸಂ’ ಎಂದು ಬರೆಯುತ್ತಾರೆ, ಪುಕ್ಕಟೆ ಅಂತ. ಪುಕ್ಕಟೆ ಚೀಟಿಯನ್ನು ಯಾರೂ ವಾಪಸ್ ಕೇಳುವುದಿಲ್ಲ.

ಓದು ಬಾರದ ಅವ್ವ ಅವನ್ನು ಎಸೆಯುತ್ತಿರಲಿಲ್ಲ. ಗುಡಿಯ ಹಿಂದೆ ಬಿಸಾಡಿರುವ ಪೂಜೆಯ ದ್ರಾಕ್ಷಾರಸದ ಬಾಟಲಿ ತಂದು ತೊಳೆದು ಒಣಗಿಸುವಳು. ಚೀಟಿಯನ್ನು ಸುರುಳಿ ಸುತ್ತಿ ಒಳಗಿಳಿಸುವಳು. ಪೀಠದ ಮೇಲೆ ಉರಿದು ಉಳಿದ ಮೇಣ ಕರಗಿಸಿ ಬಾಯಿ ಮುಚ್ಚಿ, ಹೆಣದ ತಲೆಯ ನೇರಕ್ಕೆ ಒಂದು ಮೊಳ ಆಳದಲ್ಲಿ ನೆಡುವಳು. ರಸ ಫಾದರಿಗೆ, ಬಾಟಲಿ ನಮಗೆ. ಯಾಕವ್ವ ಇದೆಲ್ಲ ಎಂದು ಒಮ್ಮೆ ಕೇಳಿದ್ದೆ.

“ಕಡೇ ದಿವ್ಸ ಕೊಂಬು ಊದ್ದಾಗ ಎಲ್ರೂ ಎದ್ದೇಳ್ತರಲ್ಲ ಮಗ. ನಮ್ಮೋರು ಎದ್ದ ತಕ್ಷಣ, ನೀವ್ಯಾರ್ಲಾ, ಇಲ್ಲೇನ್ಲಾ ಮಾಡ್ತಿದ್ದೀರಿ ಅಂತ ಕೇಳೋ ಬೋಳಿಮಗ ಒಬ್ಬ ಇದ್ದೇ ಇರ್ತನೆ. ಕೈಲಿ ಚೀಟಿ ಇರ್ಲಿ.”

ಆ ಬೋಳಿಮಗನಿಗೆ ಕಡೇ ದಿನದವರೆಗೆ ಕಾಯುವ ತಾಳ್ಮೆ ಇರುವುದಿಲ್ಲ ಎಂಬುದೊಂದು ಅವಳಿಗೆ ಹೊಳೆದಿರಲಿಲ್ಲ.

ಮೇಣ ಕೆತ್ತಿ ಚೀಟಿ ಎಳೆದೆ. ಅಂಚು ಕಂದಿತ್ತು, ಮೊಹರು ನೇರಳೆಯಾಗಿಯೇ ಇತ್ತು. ‘ಚೌರಪ್ಪ, ವಯಸ್ಸು ೩೪, ಸಾವಿರದ ಒಂಬೈನೂರ ಎಂಬತ್ತಮೂರು.’ ಅಕ್ಷರ ಮುತ್ತಿನಂತಿತ್ತು. ಆ ಮುತ್ತುಗಳನ್ನು ನಾನು ಪ್ರತಿ ವಾರ ಚರ್ಚಿನ ನೋಟಿಸ್ ಬೋರ್ಡಿನಲ್ಲಿ, ಕಾರ್ಯದರ್ಶಿಗಳ ಸಹಿಯ ಮೇಲೆ, ನೋಡುತ್ತೇನೆ. ಕೆಲಸ ಸಿಗುವ ಮುಂಚೆ ಭೋಜರಾಜರು ಭಾನುವಾರ ಆಫೀಸಿನಲ್ಲಿ ಕೂತು ಸೇವೆ ಮಾಡುತ್ತಿದ್ದರಂತೆ, ಸಂಚಿಕೆಯ ಎಂಟನೇ ಪುಟದಲ್ಲಿದೆ. ಯಾವ ಸೇವೆ ಎಂದು ಅಲ್ಲಿ ಬರೆದಿಲ್ಲ.

ಅವ್ವನ ಅಳತೆ ನನಗೆ ಬಾಯಿಪಾಠ. ಮರದಿಂದ ಎರಡೆರಡು ಹೆಜ್ಜೆಗೆ ಒಂದು ತಲೆ. ಸಂಜೆಯವರೆಗೆ ಒಬ್ಬೊಬ್ಬರ ತಲೆಯ ಹತ್ತಿರವೂ ಮೊಳದುದ್ದ ಮಾತ್ರ ಕೆದಕಿದೆ. ಒಂದ್ ದಿವ್ಸದ್ ಮಟ್ಟಿಗೆ ಕೊಟ್ಟಿರಿ, ನಾಳೆ ವಾಪಸ್ ಇಡ್ತೀನಿ ಎಂದು ಪ್ರತಿಯೊಬ್ಬರಿಗೂ ಹೇಳಿಯೇ ತೆಗೆದೆ. ಇಪ್ಪತ್ತಾರು ಬಾಟಲಿ ಸಿಕ್ಕವು. ಮೂರು ಒಡೆದಿದ್ದವು. ಹತ್ತೊಂಬತ್ತು ಚೀಟಿಗಳಲ್ಲಿ ಮುತ್ತಿನಂಥ ಅಕ್ಷರವಿತ್ತು.

ಮನೆಗೆ ತಂದು ತೊಳೆದು ಫ್ರೀಜರ್ ಪೆಟ್ಟಿಗೆಯ ಪಕ್ಕ ಸಾಲಾಗಿ ಇಟ್ಟೆ. ಸಿಸಿಲಿ ಚೀಟಿಗಳನ್ನು ಒಂದೊಂದಾಗಿ ಓದಿದಳು. ಒಂದನ್ನು ಎತ್ತಿ ಬೇರೆಯಾಗಿ ಇಟ್ಟಳು. ಅದು ಅವಳ ಅಜ್ಜಿಯದು. ಪೊಲೀಸರು ಬಂದರೆ ಏನು ಮಾಡುವುದು, ಚರ್ಚಿನ ಕೆಲಸ ಹೋದರೆ ಏನು ಮಾಡುವುದು ಎಂದು ಒಂದು ಸುತ್ತು ಕೇಳಿ ಮುಗಿಸಿ, ಕೊನೆಗೆ ಅಂದಳು:

“ಕಲ್ಲುಗೆ ಮೂರಡಿ ಸಾಕಯ್ಯಾ. ಅತ್ತೆಗೆ ಆರಡಿ ಬೇಕು. ಬೆಳಿಗ್ಗೆ ಸೀಕ್ರಂ ಎದ್ದು ಮುಗ್ಸು.”

ಭಾನುವಾರ ಪೂಜೆ ಮುಗಿಯಿತು. ಬ್ಯಾಂಡಿನ ಹಿಂದೆ ಬಿಷಪ್ಪರು, ಅವರ ಹಿಂದೆ ನಮ್ಮ ಫಾದರ್, ಅವರ ಪಕ್ಕ ಕೈಯಲ್ಲಿ ಮೈಕು ಹಿಡಿದು ಇತಿಹಾಸ ಓದುತ್ತಾ ಭೋಜರಾಜರು, ಕೆಂಪು ಹಾಸಿನ ಮೇಲೆ ಹಿಂದಿನ ಪಟ್ಟಿಗೆ ಬಂದರು. ಹಾಸಿನ ಎರಡೂ ಅಂಚಿಗೆ ಬಾಟಲಿಗಳು ನಿಂತಿದ್ದವು. ಮೊದಲು ಅದನ್ನೂ ಅಲಂಕಾರ ಅಂದುಕೊಂಡಿರಬೇಕು, ಒಬ್ಬಾಕೆ ಫೋಟೋ ತೆಗೆದಳು. ಹಾಸು ಮುಗಿಯುವಲ್ಲಿ ಆರಡಿ ಉದ್ದದ ಗುಂಡಿ. ಅದರ ಪಕ್ಕ, ಸಿಸಿಲಿಯ ಅಣ್ಣಂದಿರು ಹೊತ್ತು ತಂದ ಪೆಟ್ಟಿಗೆಯಲ್ಲಿ ಅವ್ವ. ಗುಂಡಿಯೊಳಗೆ ನಾನು.

ಬ್ಯಾಂಡು ನಿಂತಿತು. ಭೋಜರಾಜರು ಮೈಕನ್ನು ಎದೆಗೊತ್ತಿಕೊಂಡು ಗುಂಡಿಯ ಅಂಚಿಗೆ ಬಂದು ಬಗ್ಗಿದರು.

“ಏನೋ ಇದು? ಅನ್ನ ಕೊಟ್ಟ ಚರ್ಚಿಗೆ ಹೀಗಾ ಮಾಡೋದು ಕೊಳಕು ನನ್ಮಗನೆ? ಹತ್ತು ಮೇಲಕ್ಕೆ.”

ಮೈಕು ಆರಿಸುವುದನ್ನು ಮರೆತಿದ್ದರು. ಕೊಳಕು ನನ್ಮಗ ಎಂಬುದು ಗಂಟೆಗೋಪುರದ ಸ್ಪೀಕರಿನಲ್ಲೂ ಬಂತು. ತಿಂಗಳಿಗೊಂದು ಕನ್ನಡ ಪೂಜೆ ಇರುವ ಚರ್ಚು. ಅರ್ಧ ಜನಕ್ಕೆ ಅರ್ಥವಾಯಿತು, ಅರ್ಥವಾದವರು ಉಳಿದರ್ಧಕ್ಕೆ ಹೇಳಿದರು.

“ಗುಂಡಿ ಕೇಳಿದ್ರಿ, ತೋಡಿವ್ನಿ,” ಅಂದೆ. “ಪುಟ ಕೇಳಿದ್ರಿ. ತಕ್ಕಳಿ.”

ಅಪ್ಪನ ಚೀಟಿಯನ್ನು ಮೇಲಕ್ಕೆ ಚಾಚಿದೆ. ತೆಗೆದುಕೊಂಡರು. ಕನ್ನಡಕ ಸರಿಮಾಡಿಕೊಂಡರು. ಓದಿ, ಚೀಟಿಯನ್ನು ಮಡಿಚಿ ಮುಷ್ಟಿಯೊಳಗಿಟ್ಟುಕೊಂಡರು. ಬಿಷಪ್ಪರು ತಮಿಳಿನಲ್ಲಿ, ಏನದು, ಯಾರ ಬರಹ ಎಂದು ಕೇಳಿದರು. ಯಾವುದೋ ಹಳೇ ಕಾಗದ ಎಂದರು ಇತಿಹಾಸಕಾರರು. ಸಿಸಿಲಿ ಉಳಿದ ಹದಿನೆಂಟನ್ನು ಸೆರಗಿನಲ್ಲಿ ತುಂಬಿಕೊಂಡು ಬಂದು ಬಿಷಪ್ಪರ ಮುಂದೆ ಹಿಡಿದಳು. ಕೈಯಲ್ಲಿ ತೀರ್ಥದ ಕುಂಚವಿದ್ದುದರಿಂದ ಅವರಿಗೆ ಯಾವುದನ್ನೂ ಎತ್ತಿಕೊಳ್ಳಲಾಗಲಿಲ್ಲ. ಊಟವಾದ ಮೇಲೆ ಕಮಿಟಿಯಲ್ಲಿ ಪ್ರೀತಿಯಿಂದ ಚರ್ಚಿಸೋಣ ಎಂದು ಫಾದರ್ ಹೇಳಿದರು. ಬಿರಿಯಾನಿಯ ವಾಸನೆ ಆಗಲೇ ಬರುತ್ತಿತ್ತು.

ಆವತ್ತು ಬೆಳಿಗ್ಗೆಯ ಪೂಜೆಯ ಬಾಟಲಿಯನ್ನು ನಾನು ಎತ್ತಿಟ್ಟುಕೊಂಡಿದ್ದೆ. ತಳದಲ್ಲಿ ಒಂದು ಹನಿ ರಸ ಇನ್ನೂ ಇತ್ತು. ಬಾಟಲಿಯನ್ನು ಗುಂಡಿಯ ಅಂಚಿನ ಮೇಲೆ, ಭೋಜರಾಜರ ಬೂಟಿನ ಮುಂದೆ ಇಟ್ಟೆ.

“ಚೀಟಿ ಬರೀರಿ ಸಾರ್. ಪುಟ್ಟತಾಯಮ್ಮ, ಗಂಡ ಚೌರಪ್ಪ. ಪುಕ್ಕಟೆ ಅಂತ್ಲೇ ಬರೀರಿ, ನಮ್ಗೇನ್ ಬೇಜಾರಿಲ್ಲ. ಮೊಹರು ಮಾತ್ರ ಸರ್ಯಾಗಿ ಒತ್ತಿ.”

ಅಷ್ಟೊಂದು ವಿದ್ಯಾವಂತರಲ್ಲಿ ಒಬ್ಬರ ಜೇಬಿನಲ್ಲೂ ಪೆನ್ನಿರಲಿಲ್ಲ ಅಂತ ಕಾಣುತ್ತದೆ. ಗೋಡೆಯಾಚೆ ಬೀಚ್ ಸ್ಟೇಷನ್ ಕಡೆಗೆ ಹೋಗುವ ಲೋಕಲ್ ರೈಲು ನಿಧಾನವಾಯಿತು. ಬಾಗಿಲಲ್ಲಿ ನೇತಾಡುತ್ತಿದ್ದವರು ನಮ್ಮನ್ನು ನೋಡುತ್ತಾ ಹೋದರು. ಬಿಷಪ್ಪರು ಗಡಿಯಾರ ನೋಡಿದರು, ಹನ್ನೊಂದು ದಾಟಿತ್ತು.

ಫ್ರೀಜರ್ ಪೆಟ್ಟಿಗೆಯ ವೈರು ಹುಲ್ಲಿನ ಮೇಲೆ ಬಿದ್ದಿತ್ತು. ಗಾಜಿನ ಒಳಮೈಯಿಂದ ಅವ್ವನ ಹಣೆಯ ಮೇಲೆ ನೀರು ಹನಿಯತೊಡಗಿತ್ತು. ನಾನು ಗುಂಡಿಯಿಂದ ಹತ್ತಲಿಲ್ಲ.