ಪಂಪ್ ನಿಂತ ಮೇಲಿನ ಸದ್ದು

ಲಿಫ್ಟ್ ರಿಪೇರಿ ಮಾಡುವವನಿಗೆ ಕೈಗಿಂತ ಕಿವಿ ಮುಖ್ಯ. ಅವನು ಆ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಕಟ್ಟಡದ ಕೆಳಗೆ ನಿಂತುಕೊಂಡೇ ಎಷ್ಟನೇ ಮಹಡಿಯ ಬಾಗಿಲಿನ ಗಾಲಿ ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಅಂಥವನನ್ನು ಎರಡು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ನೀರಿನ ಪಂಪೊಂದು ಮೂರು ವಾರ ಆಟ ಆಡಿಸಿತು.

ಚಳಿಗಾಲದ ಕೊನೆಯಲ್ಲಿ ಅವನೂ ಹೆಂಡತಿಯೂ ಸೇರಿ ಒಂದು ಹಳೆಯ ಮೋಟಾರ್‌ಹೋಮ್ ಕೊಂಡಿದ್ದರು. ಮನೆಯಲ್ಲಿ ಅದಕ್ಕೆ ಮನೆಗಾಡಿ ಎಂದು ಹೆಸರಾಯಿತು. ಒಳಗೆ ಒಂದು ಮಂಚ, ಎರಡು ಒಲೆ, ಒಂದು ಸಿಂಕು, ಪುಟ್ಟ ಫ್ರಿಜ್ಜು, ಮಂಚದ ಕೆಳಗೆ ಅರವತ್ತು ಲೀಟರಿನ ನೀರಿನ ಟ್ಯಾಂಕು. ನಲ್ಲಿ ತಿರುಗಿಸಿದರೆ ಪಂಪ್ ತಾನೇ ಶುರುವಾಗುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಗಾಡಿಯನ್ನು ಹಿತ್ತಲಿನಲ್ಲಿ, ಒಂದು ಮಗ್ಗುಲು ಬೇಲಿಗೆ ತೀರ ಹತ್ತಿರವಾಗಿ ನಿಲ್ಲಿಸಿದ್ದರು. ಬೇಸಿಗೆಯ ರಜೆಗೆ ಅವರಿಬ್ಬರೂ ಅತ್ತೆಯನ್ನು ಕರೆದುಕೊಂಡು ಹೊರಡುವುದೆಂದು ಮಾತಾಗಿತ್ತು.

ಅತ್ತೆ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸಾಗಿದ್ದವರು. ಬೀದಿಯವರಿಗೆಲ್ಲ ಈಗಲೂ ನರ್ಸಮ್ಮ. ಮಾತು ಕಡಿಮೆ, ಅಳಿಯನ ಜೊತೆ ಇನ್ನೂ ಕಡಿಮೆ. "ಊಟ ಆಯ್ತಾ?" "ಆಯ್ತು ಅತ್ತೆ." ಇಷ್ಟರಲ್ಲೇ ಹನ್ನೊಂದು ವರ್ಷ ಕಳೆದಿತ್ತು.

ಮೊದಲ ಸಲ ನಲ್ಲಿ ತಿರುಗಿಸಿದ ದಿನ ಇಡೀ ಗಾಡಿ ಗಡಗಡ ನಡುಗಿತು. ಹೆಂಡತಿ ಕೈಯಲ್ಲಿದ್ದ ಲೋಟವನ್ನು ಎದೆಗೆ ಒತ್ತಿಕೊಂಡಳು.

"ಏನ್ರೀ ಇದು, ಒಂದು ಲೋಟ ನೀರು ಕೇಳಿದ್ರೆ ಟ್ರ್ಯಾಕ್ಟರೇ ಬಂತಲ್ಲ?"

"ಅರ್ಧ ಗಂಟೆ ಕೆಲಸ," ಎಂದ ಅವನು.

ಟ್ಯಾಂಕಿನಿಂದ ಬರುವ ಪೈಪಿನ ಜಾಲರಿ ಬಿಚ್ಚಿ ನೋಡಿದರೆ ಮರಳು ಕಟ್ಟಿಕೊಂಡಿತ್ತು. ತೊಳೆದು ಹಾಕಿದ. ಗಡಗಡ ಸ್ವಲ್ಪ ಇಳಿಯಿತು. ಮುಂದಿನ ಭಾನುವಾರ ಪಂಪಿನ ಕಾಲುಗಳನ್ನು ನೋಡಿದ. ಹಿಂದಿನವರು ಯಾರೋ ಸ್ಕ್ರೂಗಳನ್ನು ಶಕ್ತಿಯೆಲ್ಲ ಹಾಕಿ ಬಿಗಿದಿದ್ದರು. ಕೆಳಗಿನ ರಬ್ಬರು ಅಪ್ಪಚ್ಚಿಯಾಗಿ ಹೋಗಿ, ಪಂಪಿನ ನಡುಕವೆಲ್ಲ ನೇರ ಹಲಗೆಗೆ ಇಳಿಯುತ್ತಿತ್ತು. ಹೊಸ ರಬ್ಬರು ಇಟ್ಟು ಸ್ಕ್ರೂಗಳನ್ನು ಹಗುರವಾಗಿ ತಿರುಗಿಸಿದ. ಪೈಪು ಹಲಗೆಯ ತೂತಿಗೆ ತಾಗುವ ಕಡೆ ರಬ್ಬರು ಸುತ್ತಿದ. ಪಂಪಿನ ಬಾಯಿಗೆ ಒಂದು ಮೊಳ ಮೆತ್ತನೆಯ ಪೈಪು ಜೋಡಿಸಿದ. ಈಗ ನಲ್ಲಿ ತಿರುಗಿಸಿದರೆ ಯಾರೋ ಪಕ್ಕದ ಕೋಣೆಯಲ್ಲಿ ಗಂಟಲು ಸರಿಮಾಡಿಕೊಂಡಷ್ಟೇ ಸದ್ದು.

ಆದರೆ ಆ ಸದ್ದಿನ ಅಡಿಯಲ್ಲಿ ಇನ್ನೊಂದಿತ್ತು. ಸಣ್ಣಗೆ, ಬಿಡದೆ, ಗುಂಯ್ ಎನ್ನುವುದು. ಮೋಟಾರೇ ಸವೆದಿರಬೇಕೆಂದು ಹೊಸ ಪಂಪ್ ತಂದು ಹಾಕಿದ. ಗುಂಯ್ ಹೋಗಲಿಲ್ಲ. ಮೂರನೆಯ ಭಾನುವಾರ ಬೆಳಿಗ್ಗೆ ಪಂಪಿನ ವೈರು ಕಿತ್ತ. ಆಮೇಲೆ ಪಂಪನ್ನೇ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. ಎದುರಿನ ಗೋಡೆ ಗುಂಯ್ ಎನ್ನುತ್ತಲೇ ಇತ್ತು.

ಹೆಂಡತಿಯನ್ನು ಕರೆದ.

"ನಿಂಗೇನಾದ್ರೂ ಕೇಳಿಸ್ತಿದ್ಯಾ?"

ಅವಳು ಬಾಗಿಲಲ್ಲೇ ನಿಂತು ತಲೆ ಓರೆ ಮಾಡಿದಳು. "ಇಲ್ವಲ್ಲ."

"ಹಾಗಾದ್ರೆ ನನ್ನ ಕಿವಿ ಕೆಡ್ತು," ಎಂದ. ನಗುತ್ತ ಹೇಳಬೇಕೆಂದುಕೊಂಡಿದ್ದ, ಆಗಲಿಲ್ಲ. ಕಿವಿ ಹೋದರೆ ತನ್ನ ಕೆಲಸದಲ್ಲಿ ಉಳಿಯುವುದು ಏನು ಎಂಬುದು ಅವನಿಗೆ ಗೊತ್ತಿತ್ತು.

ಹೆಂಡತಿ ಮನೆಯೊಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಗಾಡಿಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಒಂದು ಗೇಣುದ್ದದ ಮರದ ಕೊಳವೆ. ಒಂದು ತುದಿ ತುತ್ತೂರಿಯ ಹಾಗೆ ಅಗಲ, ಇನ್ನೊಂದು ಚಪ್ಪಟೆ. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳುವುದಕ್ಕೆ ಬಳಸುವಂಥದು. ಹಿಡಿದು ಹಿಡಿದು ನಡುವಿನ ಮರ ನುಣ್ಣಗೆ ಕಪ್ಪಾಗಿತ್ತು.

"ಒಂಚೂರು ಸರೀತೀರಾ?" ಎಂದರು.

ಅವನು ಪಂಪ್ ಎತ್ತಿಕೊಂಡು ಸರಿದ. ಅತ್ತೆ ಮೊಣಕಾಲೂರಿ, ಕೊಳವೆಯನ್ನು ಗೋಡೆಗಿಟ್ಟು ಚಪ್ಪಟೆಯ ತುದಿಗೆ ಕಿವಿ ಕೊಟ್ಟರು. ಕೈ ಬಿಟ್ಟರು. ಕೊಳವೆ ಗೋಡೆಗೂ ಕಿವಿಗೂ ನಡುವೆ ತಾನೇ ನಿಂತಿತು. ಉಸಿರಾಡುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಕೊಳವೆಯನ್ನು ನಾಲ್ಕು ಬೆರಳಿನಷ್ಟು ಮೇಲಕ್ಕೆ ಇಟ್ಟರು, ಕೇಳಿದರು. ಎಡಕ್ಕೆ ಇಟ್ಟರು, ಕೇಳಿದರು. ಮನೆಯಲ್ಲಿ ಕುಕ್ಕರು ಎಷ್ಟು ಸಲ ಕೂಗಿತೆಂದು ಗೊತ್ತಾಗದೆ ಮಗಳನ್ನು ಕೇಳುವವರು ಇವರು. ಈಗ ಅವರ ಮುಖ ನೋಡಿದರೆ ಗೋಡೆಯ ಆಚೆ ಯಾರೋ ಪಿಸುಮಾತಿನಲ್ಲಿ ವಿಳಾಸ ಹೇಳುತ್ತಿರುವ ಹಾಗಿತ್ತು.

ಒಂದು ಕಡೆ ಕೊಳವೆ ನಿಲ್ಲಿಸಿದರು. ಬೆರಳಿನಿಂದ ಒಮ್ಮೆ ತಟ್ಟಿದರು. ಗುಂಯ್ ಭುಸ್ಸನೆ ಏರಿ ಮೆಲ್ಲಗೆ ಇಳಿಯಿತು. ಅದು ಅವನಿಗೆ ಬರಿಗಿವಿಯಲ್ಲೇ ಕೇಳಿಸಿತು.

"ನಿಮ್ಮ ಕಿವಿಗೇನೂ ಆಗಿಲ್ಲ," ಎಂದರು ಅತ್ತೆ. "ಇಲ್ಲಿ ಕೈ ಇಡಿ."

ಇಟ್ಟ. ಹಲಗೆ ಬೆಚ್ಚಗಿತ್ತು. ಒಂದು ಗೇಣು ಈಚೆಗೆ ತಣ್ಣಗಿತ್ತು.

"ಮೈಬಿಸಿ," ಎಂದರು. "ಯಂತ್ರ ತಟ್ಟಿದ್ರೆ ಹೆದರಲ್ಲ. ಒಳಗಿರೋದು ಜೀವ. ಒಂದಲ್ಲ, ಲೆಕ್ಕ ಇಲ್ಲದಷ್ಟು."

ಅವನು ಇಳಿದು, ಬೇಲಿಗೂ ಗಾಡಿಗೂ ನಡುವೆ ಅಡ್ಡಡ್ಡ ನುಸುಳಿದ. ಈ ಕಡೆಗೆ ಅವನು ಬಂದೇ ಇರಲಿಲ್ಲ. ಫ್ರಿಜ್ಜಿನ ಹಿಂದೆ ಗಾಳಿಯಾಡಲು ಬಿಟ್ಟಿದ್ದ ಕಿಂಡಿಯಲ್ಲಿ ಜೇನುಹುಳುಗಳು ಆಫೀಸಿನ ಗೇಟಿನಲ್ಲಿ ಜನ ಬಂದು ಹೋಗುವ ಹಾಗೆ ಬಂದು ಹೋಗುತ್ತಿದ್ದವು.

ಮಧ್ಯಾಹ್ನ ಜೇನು ಸಾಕುವ ಹೆಂಗಸು ಬಂದಳು. ಸುತ್ತಲಿನವರು ಅವಳನ್ನು ಜೇನಕ್ಕ ಎನ್ನುತ್ತಿದ್ದರು. ಬಲೆಯ ಟೋಪಿಗಳನ್ನು ಮೂವರಿಗೂ ಹಂಚಿ, ಕಿಂಡಿಗೆ ಒಂದಿಷ್ಟು ಹೊಗೆ ಊದಿ, "ಎಲ್ಲಿ ಬಿಚ್ಚಲಿ?" ಎಂದು ಕೇಳಿದಳು. ಅತ್ತೆ ಪೆನ್ಸಿಲಿನಿಂದ ಗೋಡೆಯ ಮೇಲೆ ಒಂದು ಚೌಕ ಬರೆದರು. ಅವನು ಸ್ಕ್ರೂಗಳನ್ನು ತೆಗೆದ. ಹಲಗೆ ಈಚೆಗೆ ಬಂತು.

ಮೊಣಕೈಯುದ್ದದ ಮೇಣದ ಎರಿಗಳು, ಏಳು, ಪುಸ್ತಕದ ಹಾಳೆಗಳಂತೆ ಒಂದರ ಪಕ್ಕ ಒಂದು ಇಳಿಬಿದ್ದಿದ್ದವು. ಮೇಲೆ ಬಿಳಿ, ಕೆಳಗೆ ಬರಬರುತ್ತ ಕಂದು. ಅವುಗಳ ಮೇಲೆ ಹುಳುಗಳು ಒಂದು ಹೊದಿಕೆಯ ಹಾಗೆ ಹರಡಿ, ನಿಧಾನವಾಗಿ ಅಲುಗುತ್ತಿದ್ದವು. ಬೆಚ್ಚನೆಯ ಮೇಣದ ವಾಸನೆ ಗಾಡಿಯನ್ನೆಲ್ಲ ತುಂಬಿತು.

ಎರಿಗಳ ನಡುವೆ ತೂರಿ ಹೋಗಿತ್ತು ನೀರಿನ ಪೈಪು. ನಲ್ಲಿ ತಿರುಗಿಸಿದಾಗಲೆಲ್ಲ ಗಡಗಡ ನಡುಗಿದ್ದ ಅದೇ ಪೈಪು. ಹುಳುಗಳು ಅದಕ್ಕೆ ಎಲ್ಲೂ ಎರಿ ತಾಗಿಸದೆ, ಸುತ್ತ ಜಾಗ ಬಿಟ್ಟು ಕಟ್ಟಿದ್ದವು. ಅವನು ಜೇಬಿನಿಂದ ಸ್ಟೀಲಿನ ಅಳತೆಪಟ್ಟಿ ತೆಗೆದು, ಉಸಿರು ಬಿಗಿಹಿಡಿದು, ಆ ಸಂದಿಗೆ ಹಿಡಿದ. ಏಳು ಮಿಲಿಮೀಟರು. ಕೆಳಗೆ ನೋಡಿದ, ಏಳು. ಆಚೆ ಮಗ್ಗುಲು, ಏಳು.

"ಪೂರ್ತಿ ಕತ್ತಲಲ್ಲಿ ಕಟ್ಟಿರೋದು," ಎಂದಳು ಜೇನಕ್ಕ. "ನಾನು ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಇನ್ನೂ ಅರ್ಥ ಆಗಿಲ್ಲ."

ಲಿಫ್ಟಿನ ಬಾಗಿಲಿಗೂ ಗೋಡೆಗೂ ನಡುವೆ ಅಷ್ಟೇ ಸಂದಿ ಬಿಡಲು ಅವನು ಲೇಸರ್ ಹಿಡಿದು ಇಡೀ ದಿನ ಒದ್ದಾಡಿದ್ದುಂಟು. ಅಳತೆಪಟ್ಟಿಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

"ಅತ್ತೆ," ಎಂದ, "ಆಸ್ಪತ್ರೇಲಿ ಹೀಗೇ ಕೇಳ್ತಿದ್ರಾ?"

"ಹೂಂ. ಒಳಗಿರೋರು ಕಣ್ಣಿಗೆ ಕಾಣಲ್ವಲ್ಲ." ಮತ್ತೆ ಸೇರಿಸಿದರು: "ಎಷ್ಟೋ ಸಾವಿರ ಸಲ ಕೇಳಿದೀನಿ. ಪ್ರತಿ ಸಲವೂ ಸಿಕ್ಕಿದ ಕೂಡಲೇ ಮೈ ಜುಮ್ಮೆನ್ನೋದು."

ಇಷ್ಟು ಉದ್ದದ ಮಾತನ್ನು ಅವರು ಅವನೊಡನೆ ಆಡಿದ್ದು ಅದೇ ಮೊದಲು.

ಜೇನಕ್ಕ ಎರಿಗಳನ್ನು ಒಂದೊಂದಾಗಿ ಬಿಡಿಸಿ ಚೌಕಟ್ಟುಗಳಿಗೆ ಕಟ್ಟಿ ಪೆಟ್ಟಿಗೆಯೊಳಗೆ ನಿಲ್ಲಿಸಿದಳು. ಐದನೆಯದರಲ್ಲಿ ಉದ್ದ ಮೈಯ ರಾಣಿ ಸಿಕ್ಕಳು. ಕಿಂಡಿಗೆ ತಂತಿಬಲೆ ಬಡಿದು, ಪೆಟ್ಟಿಗೆಯನ್ನು ಅದರ ಕೆಳಗೇ ಸ್ಟೂಲಿನ ಮೇಲೆ ಇಟ್ಟರು. ಹೊರಗೆ ಹೋದವರೆಲ್ಲ ಬರುವ ತನಕ ಕಾಯಬೇಕು, ಹೊತ್ತು ಮುಳುಗುವಾಗ ಬಂದು ಒಯ್ಯುತ್ತೇನೆ ಎಂದು ಜೇನಕ್ಕ ಹೇಳಿಹೋದಳು.

ಹುಳುಗಳು ಬಂದವು. ಮುಚ್ಚಿದ ಕಿಂಡಿಯ ಮುಂದೆ ಒಂದು ಕ್ಷಣ ತಡಕಾಡಿ, ಗಾಳಿಯಲ್ಲಿ ಏನನ್ನೋ ಹಿಡಿದು, ಪೆಟ್ಟಿಗೆಯ ಬಾಯಿಗೆ ಇಳಿದು, ಸಾಲಾಗಿ ಒಳಗೆ ನಡೆದವು. ಅವನು ಬೇಲಿಗೆ ಬೆನ್ನು ಕೊಟ್ಟು ನಿಂತು ನೋಡಿದ. ಬಿಸಿಲು ಬೇಲಿಯಿಂದ ಗೋಡೆಗೆ, ಗೋಡೆಯಿಂದ ಮಾಡಿಗೆ ಹತ್ತಿತು.

"ಊಟಾನೂ ಮಾಡಿಲ್ಲ ನೀವು," ಎಂದು ಹೆಂಡತಿ ಹುಡುಕಿಕೊಂಡು ಬಂದಳು. "ಒಳಗೆ ಬನ್ನಿ."

"ತಡಿ," ಎಂದ. "ಇನ್ನೂ ಬರೋರಿದ್ದಾರೆ."

ಅವಳು ನಗಲಿಲ್ಲ. ಸೆರಗು ಸುತ್ತಿಕೊಂಡು ಅವನ ಪಕ್ಕ ಒತ್ತಿಕೊಂಡು ನಿಂತಳು.