ಕೀಲುಮೀನಿನ ಸೊಂಟ

ಆ ಮನೆಯ ಜಗಲಿಯಲ್ಲಿ ಒಂದು ಬಿಳಿ ಪಿಂಗಾಣಿ ಬೋಗುಣಿ ಇರುತ್ತಿತ್ತು. ಅದರ ತುಂಬ ನೀರು. ನೀರಿನಲ್ಲಿ, ನೂಲಿನ ತುದಿಗೆ ಕಟ್ಟಿದ, ಕೋಳಿಪುಕ್ಕದ ಒಂದು ಮೀನು. ನೂಲನ್ನೆಳೆದರೆ ತಲೆ ಮೊದಲು ಹೊರಡುತ್ತಿತ್ತು. ಬಾಲ ಅರೆಗಳಿಗೆ ಯೋಚಿಸಿ ಹಿಂಬಾಲಿಸುತ್ತಿತ್ತು. ಬಾಡಿಗೆಗೆ ಕೋಣೆ ಕೇಳಲು ಹೋದ ದಿನ ನಾನು ಮೊದಲು ಕಂಡದ್ದು ಮನೆಯವರನ್ನಲ್ಲ, ಈ ಮೀನನ್ನು. ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವನು, ಮೊಟ್ಟೆಯನ್ನೂ ಮುಟ್ಟದವನು. ಆದರೂ ಕೋಣೆ ಹಿಡಿದೆ. ಬಾಲದ ಆ ಯೋಚನೆ ನನಗೆ ಹಿಡಿಸಿತ್ತು.

ಮನೆಯ ಯಜಮಾನರಾದ ಸತ್ಯಮಿತ್ರರು ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಊರಿನ ತಣ್ಣೀರ ಹೊಳೆಗೆ ಯಾವ ಕಾಲದಲ್ಲೋ ಯಾರೋ ಟ್ರೌಟ್ ಮೀನಿನ ಮರಿಗಳನ್ನು ತಂದು ಬಿಟ್ಟಿದ್ದರು. ಸಣ್ಣ ಟ್ರೌಟುಗಳು ನೊಣ ತಿನ್ನುತ್ತವೆ. ಅವಕ್ಕೆ ನೊಣದಷ್ಟೇ ಗಾತ್ರದ ಪುಕ್ಕದ ಗಾಳ ಸಾಕು. ವಯಸ್ಸಾದ ದೊಡ್ಡವು ನೊಣದ ಹಿಂದೆ ಓಡುವುದು ತಮ್ಮ ಘನತೆಗೆ ಕಡಿಮೆಯೆಂದು ಬಗೆದು ಇತರ ಮೀನುಗಳನ್ನೇ ನುಂಗುತ್ತವೆ. ಅವಕ್ಕಾಗಿ ಪುಕ್ಕ, ಮೊಲದ ತುಪ್ಪಳಗಳಿಂದ ಬೆರಳುದ್ದದ ಮೀನನ್ನೇ ಕಟ್ಟಬೇಕು, ಅದೂ ಎರಡು ತುಂಡಾಗಿ. ಮುಂದೊಂದು ಗಾಳ, ಹಿಂದೊಂದು ಗಾಳ, ನಡುವೆ ಸಣ್ಣ ತಂತಿಯ ಕುಣಿಕೆ, ಅದರಲ್ಲಿ ಒಂದೆರಡು ಮಣಿ. ಇದನ್ನು ಊರಿನವರು ಕೀಲುಮೀನು ಎನ್ನುತ್ತಿದ್ದರು. ಸತ್ಯಮಿತ್ರರ ಕೀಲುಮೀನೆಂದರೆ ಸೇತುವೆ ಕೆಳಗಿನ ಮಡುವಿನ ಮುದಿ ಟ್ರೌಟು ಕೂಡ ಮೇಲೆದ್ದು ಬಂದು ನೋಡಿ ಹೋಗುತ್ತದೆ ಎಂಬ ಮಾತಿತ್ತು. ನೋಡಿ ಹೋಗುತ್ತಿತ್ತು, ಅಷ್ಟೆ.

ನಾನು ಹೋದ ಮರುವರ್ಷ, ಮಳೆಗಾಲದ ಮೊದಲಲ್ಲಿ, ಅವರಿಗೆ ಲಕ್ವ ಹೊಡೆಯಿತು. ಕಾಲು, ಮಾತು ಬೇಗನೆ ಮರಳಿದವು. ಬಲಗೈ ಮಾತ್ರ ಬೆರಳು ಮಡಚಿಕೊಂಡು ಮಡಿಲಲ್ಲೇ ಕುಳಿತಿತು. ಮಳೆ ಮುಗಿಯುವುದರೊಳಗೆ ಅದಕ್ಕೆ ಕೆಲಸ ಕೊಡದಿದ್ದರೆ ಹಾಗೆಯೇ ಒಣಗುತ್ತದೆ ಎಂದು ಡಾಕ್ಟರು ಎಚ್ಚರಿಸಿ, ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಸತ್ಯಮಿತ್ರರು ಅದನ್ನು ಎಡಗೈಯಿಂದ ಪಕ್ಕದ ಮನೆಯ ನಾಯಿಗೆ ಎಸೆದರು. ನಾಯಿಯ ಆರೋಗ್ಯ ಬಹಳ ಸುಧಾರಿಸಿತು. ಬೋಗುಣಿ ಬೋರಲಾಗಿ ಮೂಲೆ ಸೇರಿತು.

ಅವರ ಹೆಂಡತಿ ಸುಗುಣಮ್ಮ ಪುಕ್ಕಗಳ ಹುಟ್ಟುವೈರಿ. ಅನ್ನದಲ್ಲಿ ಪುಕ್ಕ, ಹಾಸಿಗೆಯಲ್ಲಿ ಪುಕ್ಕ, ಒಮ್ಮೆ ಊಟಕ್ಕೆ ಬಂದ ಪಾದ್ರಿಗಳ ಗಡ್ಡದಲ್ಲಿ ಪುಕ್ಕ. ಅಂಥವರು ಒಂದು ಬೆಳಿಗ್ಗೆ ನನ್ನ ಕೋಣೆಯ ಬಾಗಿಲಿಗೆ ಬಂದು, ಕೋಳಿ ಅಂಗಡಿಯಿಂದ ಹುಂಜದ ಕತ್ತಿನ ಪುಕ್ಕ ತಂದುಕೊಡಬೇಕೆಂದರು.

"ನಾನ್ಯಾಕೆ?" ಎಂದೆ.

"ನಾನು ಹೋದ್ರೆ ಯಾಕೆ ಏನು ಅಂತ ಊರೆಲ್ಲ ಕೇಳುತ್ತೆ ಮೇಷ್ಟ್ರೇ. ನೀವು ಹೋದ್ರೆ ಬೆರಗಾಗಿ ಬಾಯಿ ಮುಚ್ಕೊಳ್ತಾರೆ."

ಹಾಗೆಯೇ ಆಯಿತು.

ಅಂದಿನಿಂದ ಮಧ್ಯಾಹ್ನಗಳಲ್ಲಿ ಸುಗುಣಮ್ಮ ಗಂಡನ ಎದುರಿಗೇ ಮೇಜು ಎಳೆದುಕೊಂಡು, ಅವರದೇ ಇಕ್ಕಳಕ್ಕೆ ಗಾಳ ಸಿಕ್ಕಿಸಿ, ಕೀಲುಮೀನು ಕಟ್ಟತೊಡಗಿದರು. ಅಷ್ಟು ಕೆಟ್ಟ ಕೆಲಸವನ್ನು ನಾನು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಮಾತ್ರ ಕಂಡಿದ್ದೆ. ಒಂದರ ಪುಕ್ಕ ತಿರುವುಮುರುವು. ಇನ್ನೊಂದು ಬಾಗಿಲ ಸಂದಿಗೆ ಸಿಕ್ಕ ಮೀಸೆಯಂತಿತ್ತು. ಸತ್ಯಮಿತ್ರರು ಕಿಟಕಿಯಾಚೆಯ ಮಳೆ ನೋಡುತ್ತ ಕೂರುತ್ತಿದ್ದರು. ಮಳೆ ಇಲ್ಲದಾಗ ಕಣ್ಣು ಮುಚ್ಚುತ್ತಿದ್ದರು.

ನನಗೊಂದು ಅನುಮಾನ ಮೂಡಿತು. ಚರ್ಚಿನ ಪೀಠದ ಬಟ್ಟೆಗೆ ಸುಗುಣಮ್ಮ ಹಾಕಿದ ಕಸೂತಿಯನ್ನು ನಾನು ನೋಡಿದ್ದೆ. ಅದರ ಒಳಮೈ ಯಾವುದು, ಹೊರಮೈ ಯಾವುದು ಎಂದು ಹೇಳುವುದೇ ಕಷ್ಟ. ಆ ಬೆರಳುಗಳಿಗೆ ಒಂದು ಗಂಟು ಬಾರದೆ? ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದೆ.

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಕೆಟ್ಟದಾಗಿ ಮಾಡೋದು ಸುಲಭ ಅಂದ್ಕೊಂಡ್ರಾ? ಕೈ ತಾನಾಗೇ ನೆಟ್ಟಗೆ ಹೋಗುತ್ತೆ, ಬಿಚ್ಚಿ ಬಿಚ್ಚಿ ಸೊಟ್ಟ ಮಾಡ್ಬೇಕು. ಗೆರೆ ಒಂದೆಳೆ ಆಚೀಚೆಯಾದ್ರೆ ನಕ್ಷೆ ಹರಿದು ಬಿಸಾಕ್ತಿದ್ದ ಮನುಷ್ಯ. ಎಷ್ಟು ದಿನ ಅಂತ ನೋಡ್ಕೊಂಡು ಕೂತಿರ್ತಾರೆ? ಒಂದಿನ ತಡೀಲಾರ್ದೆ ಕಿತ್ಕೊಳ್ತಾರೆ."

ಕಿತ್ತುಕೊಳ್ಳಲಿಲ್ಲ. ಮಳೆ ತೆಳುವಾಗುತ್ತ ಬಂತು. ಬೆರಳುಗಳು ಇನ್ನಷ್ಟು ಬಿಗಿದವು. ಅಂಗಿ ತೊಡಿಸುವಾಗ ಆ ಮುಷ್ಟಿ ತೋಳಿನೊಳಗೆ ತೂರುತ್ತಿರಲಿಲ್ಲ. ಸುಗುಣಮ್ಮ ಮಾತು ಕಡಿಮೆ ಮಾಡಿದರು.

ಒಂದು ಮಧ್ಯಾಹ್ನ ಅವರು ನಾಟಕ ಬಿಟ್ಟರು. ಯಾಕೆಂದು ನಾನು ಕೇಳಲಿಲ್ಲ, ದಣಿವಿರಬೇಕು. ತಮಗೆ ಬಂದಷ್ಟು ಅಂದವಾಗಿ ಒಂದೇ ಒಂದು ಕೀಲುಮೀನು ಕಟ್ಟಿದರು. ಪುಕ್ಕಗಳು ಹೆರಳಿನಂತೆ ಒಪ್ಪವಾಗಿ ಕೂತಿದ್ದವು. ಎರಡು ತುಂಡುಗಳ ನಡುವಿನ ಕುಣಿಕೆ ಸಡಿಲವಾಗಿ ಕಂಡದ್ದು ಅವರ ಹೊಲಿಗೆಯ ಕಣ್ಣಿಗೆ ಸರಿಬರಲಿಲ್ಲ. ತಂತಿಯನ್ನು ಬಿಗಿದು, ಮಣಿಯ ಅಕ್ಕಪಕ್ಕ ದಾರ ಸುತ್ತಿ, ಸಂದೇ ಕಾಣದಂತೆ ಮೇಣ ಹಚ್ಚಿದರು. ಬೋಗುಣಿಯನ್ನು ಮಗುಚಿ ನೀರು ತುಂಬಿ, "ನೋಡಿ ಮೇಷ್ಟ್ರೇ" ಎಂದು ನೂಲೆಳೆದರು. ದನಿಯಲ್ಲಿ ಹೆಮ್ಮೆಯಿತ್ತು.

ಮೀನು ಪೆನ್ಸಿಲಿನಂತೆ ನೆಟ್ಟಗೆ ಸಾಗಿ ಬೋಗುಣಿಯ ಅಂಚಿಗೆ ಬಡಿಯಿತು.

"ಸತ್ತಿದೆ" ಎಂದರು ಸತ್ಯಮಿತ್ರರು.

ಕಿಟಕಿ ಬಿಟ್ಟು ಅವರು ಯಾವಾಗ ಈಚೆ ತಿರುಗಿದ್ದರೋ ನಾವಿಬ್ಬರೂ ಗಮನಿಸಿರಲಿಲ್ಲ.

"ಏನು ಸತ್ತಿದೆ? ಎಷ್ಟು ಚೆನ್ನಾಗಿದೆ" ಎಂದರು ಸುಗುಣಮ್ಮ. ಅವರಿಗೆ ನಿಜವಾಗಿಯೂ ನೋವಾಗಿತ್ತು.

"ಸೊಂಟ ಕಟ್ಟಿಹಾಕಿದೀಯಲ್ಲೇ. ಹೆಂಗೆ ಈಜುತ್ತೆ ಅದು? ಕೊಡಿಲ್ಲಿ."

ಎಡಗೈ ಮೀನನ್ನು ತೆಗೆದುಕೊಂಡಿತು. ಬ್ಲೇಡೂ ಎಡಗೈಗೇ ಬೇಕಿತ್ತು. ಮೀನನ್ನು ಮೇಜಿನ ಮೇಲಿಟ್ಟು ದಾರಕ್ಕೆ ಬ್ಲೇಡು ತಾಗಿಸಿದರೆ ಅದು ಜಾರಿಹೋಗುತ್ತಿತ್ತು. ಮತ್ತೊಮ್ಮೆ ಇಟ್ಟರು, ಮತ್ತೆ ಜಾರಿತು. ಹಿಡಿದುಕೊಳ್ಳಲೆಂದು ನಾನು ಎದ್ದೆ. ಸುಗುಣಮ್ಮ ನನ್ನತ್ತ ನೋಡಿದ ನೋಟಕ್ಕೆ ಮತ್ತೆ ಕುಳಿತೆ. ಅವರು ತಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದರು.

ಆಗ ಬಲಗೈ ಮಡಿಲಿನಿಂದ ಎದ್ದಿತು. ಮೇಜಿನ ಅಂಚಿಗೆ ಒರಗಿ ಉಸಿರು ತೆಗೆದುಕೊಂಡಿತು. ತೆವಳುತ್ತ ಬಂದು, ಮುಷ್ಟಿಯ ಬುಡದಿಂದ ಮೀನಿನ ಬಾಲವನ್ನು ಒತ್ತಿ ಹಿಡಿಯಿತು. ದಾರ ತುಂಡಾಯಿತು. ಒಂದು ಬೆರಳು ನಡುಗಿ, ಅರ್ಧ ಬಿಚ್ಚಿ, ತಂತಿಯನ್ನು ತಡವಿತು.

ಆಮೇಲೆ ತಲೆಯೆತ್ತದೆ ಸತ್ಯಮಿತ್ರರು ಹೇಳಿದರು: "ಇಷ್ಟು ದಿನ ಮಾಡಿದ್ದೆಲ್ಲ ನಾಟಕ. ಮದುವೆಯಾದಾಗಿಂದ ನೀನು ಹೊಲಿದ ಗುಂಡಿ ಹಾಕ್ಕೊಂಡಿದೀನಿ, ನಿನ್ನ ಕೈ ನಂಗೊತ್ತಿಲ್ವಾ? ಇದೊಂದೇ ನಿಜವಾದ ತಪ್ಪು."

"ಗೊತ್ತಿದ್ದೂ ಸುಮ್ನಿದ್ರಾ?"

"ನಾಟಕಾನ ತಿದ್ದಕ್ಕಾಗುತ್ತಾ?"

ಸುಗುಣಮ್ಮ ಸೆರಗಿನಿಂದ ಕೈ ಬಿಡಿಸಿಕೊಂಡು, ಕಾಫಿಗೆ ಹಾಲಿಡುತ್ತೇನೆಂದು ಒಳಗೆ ಹೋದರು. ಹಾಲು ಉಕ್ಕಿ ಒಲೆಗೆ ಸುರಿದದ್ದು ನಮಗೆ ವಾಸನೆಯಿಂದ ತಿಳಿಯಿತು.

ಹೊಳೆ ತಿಳಿಯಾದ ಮೇಲೆ ಮೂವರೂ ಸೇತುವೆಯ ಮಡುವಿಗೆ ಹೋದೆವು. ಸತ್ಯಮಿತ್ರರೇ ಕಟ್ಟಿದ ಹೊಸ ಕೀಲುಮೀನಿನ ಪುಕ್ಕ ಒರಟು, ಗಂಟು ದೊಡ್ಡದು. ಹಳೆಯ ಸತ್ಯಮಿತ್ರರಾಗಿದ್ದರೆ ಅದನ್ನು ಬಿಸಾಡುತ್ತಿದ್ದರು. ಗಾಳದ ಕೋಲನ್ನು ಎಡಗೈಯಲ್ಲಿ ಬೀಸಿ, ದಾರವನ್ನು ಬಲಗೈಯ ಎರಡು ಬೆರಳಲ್ಲಿ ಎಳೆದುಕೊಂಡರು. ಬೆರಳು ನಡುಗಿದಂತೆಲ್ಲ ದಾರ ತಡೆತಡೆದು ಬರುತ್ತಿತ್ತು. ಗಾಯಗೊಂಡ ಮೀನು ಹಾಗೆಯೇ ಈಜುತ್ತದಂತೆ. ಮೊದಲು ಇದನ್ನು ಕಷ್ಟಪಟ್ಟು ನಟಿಸಬೇಕಾಗಿತ್ತಂತೆ.

ನೀರಿನಡಿಯಿಂದ ಒಂದು ಕಂದು ನೆರಳು ಎದ್ದಿತು. ಈ ಸಲ ನೋಡಿ ಹೋಗಲಿಲ್ಲ. ಕೋಲು ಬಾಗಿತು, ದಾರ ಬಿಗಿಯಿತು, ಮರುಕ್ಷಣ ಜೋಲು ಬಿತ್ತು. ಎಳೆದು ನೋಡಿದರೆ ಮುಂದಿನ ತುಂಡು ಮಾತ್ರ ಉಳಿದಿತ್ತು. ಕುಣಿಕೆ ಬಿಚ್ಚಿ ಬಾಲ ಹೊರಟುಹೋಗಿತ್ತು.

ದಾರಿಯುದ್ದಕ್ಕೂ ಸತ್ಯಮಿತ್ರರು ಆ ಅರೆಮೀನನ್ನು ಬಲಗೈಯಲ್ಲೇ ಹಿಡಿದು, ತಂತಿಯನ್ನು ಹೇಗೆ ತಿರುವಬೇಕಿತ್ತೆಂದು ನನಗೆ ವಿವರಿಸುತ್ತ ನಡೆದರು. ಮೊಟ್ಟೆ ಮುಟ್ಟದ ನಾನು ಒಂದೆರಡು ಸಲಹೆಗಳನ್ನೂ ಕೊಟ್ಟೆ. ನಾವು ಗೇಟು ದಾಟುವಷ್ಟರಲ್ಲಿ, ಮುಂದೆ ನಡೆದಿದ್ದ ಸುಗುಣಮ್ಮ ಮನೆ ಸೇರಿ ಒಳಗೆ ದೀಪ ಹಚ್ಚಿದ್ದರು. ಜಗಲಿಯಲ್ಲಿ ಯಾರೂ ಇರಲಿಲ್ಲ. ಬೋಗುಣಿಯಲ್ಲಿ ಆಗತಾನೆ ತುಂಬಿಸಿದ ನೀರು ಇನ್ನೂ ತುಳುಕುತ್ತಿತ್ತು.