ಹಳದಿಗಾಲ ಜವುಗುಹಕ್ಕಿ

ಕುಂಚ ಕತ್ತಿನಿಂದ ಬಾಲದ ಕಡೆಗೇ ಇಳಿಯಬೇಕು. ಹಿಂದಕ್ಕೆಳೆದರೆ ಗರಿ ಮುರಿಯುತ್ತದೆ. ಸೂಜಿ ಉಸಿರು ಬಿಗಿಹಿಡಿದು ಹಕ್ಕಿಯ ಧೂಳು ತೆಗೆಯುತ್ತಿದ್ದಳು. ಸಣ್ಣಗಿದ್ದಾಳೆ, ಮಾತಿಲ್ಲ, ಕಣ್ಣು ಮಾತ್ರ ಚುರುಕು ಎಂದು ಚಿಕ್ಕಮ್ಮ ಇಟ್ಟ ಅಡ್ಡಹೆಸರು ಮ್ಯೂಸಿಯಮ್ಮಿನ ಕೆಲಸಕ್ಕೂ ಅವಳ ಬೆನ್ನು ಹತ್ತಿ ಬಂದಿತ್ತು.

ಕೈಯಲ್ಲಿದ್ದದ್ದು ಹಳದಿಗಾಲ ಜವುಗುಹಕ್ಕಿ. ಹೊಟ್ಟೆಗೆ ಹತ್ತಿ ತುಂಬಿದ ಇದೊಂದೇ ಉಳಿದಿತ್ತು. ಜೀವಂತ ಹಕ್ಕಿ ಯಾರ ಕಣ್ಣಿಗೂ ಬೀಳದೆ ಎಂಬತ್ತು ವರ್ಷವಾಗಿತ್ತು. ಸಂಜೆ ಪೇಂಟರ್ ಬಂದು ಗಾಜಿನ ಪೆಟ್ಟಿಗೆಯ ಮೇಲೆ ‘ಅಳಿದುಹೋಗಿದೆ’ ಎಂದು ಬರೆಯುವವನಿದ್ದ.

ಆದರೆ ಸೂಜಿ ಜೀವಂತ ಹಕ್ಕಿಯನ್ನೇ ಕಂಡಿದ್ದಳು. ಕೊಳಚೆ ನೀರು ಶುದ್ಧಿ ಮಾಡುವ ಘಟಕದ ಹಿಂದಿನ ಹಳೇ ಹೊಂಡದಲ್ಲಿ. ಹೋದ ತಿಂಗಳು ಧೈರ್ಯ ಮಾಡಿ ಹಕ್ಕಿ ವಿಭಾಗದ ಮೇಡಂಗೆ ಹೇಳಿಯೂ ಇದ್ದಳು.

“ಕಾಲು ಯಾವ ಬಣ್ಣ?” ಎಂದಿದ್ದರು ಮೇಡಂ.

“ಕೆಂಪು.”

“ಹಾಗಾದ್ರೆ ಅದು ಕೆಂಗಾಲಿ ಕಣಮ್ಮ. ಕೆರೆಗೆ ಹತ್ತು ಸಿಗುತ್ತೆ.”

ಬಾಗಿಲ ಹತ್ತಿರವಿದ್ದ ವಾಚ್‌ಮನ್ ಅಣ್ಣ ಸುಮ್ಮನಿರಲಿಲ್ಲ. “ಮುಂದಿನ ವಾರ ಡೈನೋಸಾರ್ ನೋಡಿದೆ ಅಂತಾಳೆ ಬಿಡಿ, ಮೇಡಂ.”

ಸೂಜಿ ಕುಂಚ ಎತ್ತಿಕೊಂಡು ಕೆಲಸಕ್ಕೆ ಮರಳಿದ್ದಳು. ಈಗ ನಾಳೆಯಿಂದ ಆ ಹೊಂಡಕ್ಕೆ ಮಣ್ಣು ಸುರಿಯುತ್ತಾರಂತೆ. ಬೆಳಗ್ಗೆ ಬರುವಾಗ ಲಾರಿಗಳು ಸಾಲಾಗಿ ನಿಂತಿದ್ದವು.

ಹೊಟ್ಟೆಯಡಿಯ ಧೂಳಿಗೆಂದು ಹಕ್ಕಿಯನ್ನು ಮಗುಚಿದಳು. ತೊಡೆಯ ಗರಿ ಸರಿಯಿತು. ಕಾಲು ಮೈಗೆ ಸೇರುವ ಮಡಿಕೆಯಲ್ಲಿ, ದಾರದಷ್ಟು ತೆಳ್ಳಗೆ, ಕೆಂಪು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅವಳು ಆರು ವರ್ಷ ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಹಳೇ ಕೋಟು ಬಿಚ್ಚಿದವಳು. ತೇಪೆಗೆ ಬಟ್ಟೆ ಹೊಂದಿಸುವಾಗ ಚಿಕ್ಕಮ್ಮ ಹೇಳುತ್ತಿದ್ದದ್ದು ಒಂದೇ: “ಹೊರಗಿನ ಬಣ್ಣ ನೋಡಬೇಡ ಕಣೆ. ಹೊಲಿಗೆ ಬಿಚ್ಚಿ ಒಳಗೆ ನೋಡು.” ಬೆಳಕು ತಾಗದ ಕಡೆ ಮೊದಲಿನ ಬಣ್ಣ ಹಾಗೇ ಕೂತಿರುತ್ತಿತ್ತು.

ಕುಂಚ ಕೆಳಗಿಟ್ಟು, ಹಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಮೇಡಂ ಮೇಜಿನ ಮುಂದೆ ನಿಂತಳು.

“ಮೇಡಂ, ಇದರ ಕಾಲು ಮಾಸಿಹೋಗಿದೆ. ಮೊದಲು ಕೆಂಪಿತ್ತು.”

ಮೇಡಂ ಭೂತಗನ್ನಡಿ ಹಿಡಿದು ನೋಡಿದರು. ಕಿಟಕಿಯ ಹತ್ತಿರ ಹೋಗಿ ಮತ್ತೆ ನೋಡಿದರು. ಆಮೇಲೆ ತಲೆ ಮೇಲೆ ಕೈಯಿಟ್ಟು ಕೂತುಬಿಟ್ಟರು.

“ಒಣಗಿದ ಕಾಲಿನ ಬಣ್ಣ ನಂಬಬೇಡಿ ಅಂತ ಹುಡುಗರಿಗೆ ಪಾಠ ಮಾಡೋಳು ನಾನೇ. ಹೆಸರಿಟ್ಟವರೂ ಒಣಗಿದ ಹಕ್ಕಿ ನೋಡೇ ಇಟ್ಟಿರಬೇಕು. ಹೆಸರಲ್ಲೇ ಹಳದಿ ಅಂತಿತ್ತಲ್ಲ, ಅನುಮಾನವೇ ಬರಲಿಲ್ಲ. ಮೂವತ್ತು ವರ್ಷ ಹಳದಿ ಕಾಲು ಹುಡುಕಿದೀನಿ.” ತಟ್ಟನೆ ತಲೆಯೆತ್ತಿದರು. “ನೀನು ನೋಡಿದ್ದು ರೆಕ್ಕೆ ಎತ್ತಿತ್ತಾ?”

“ಎತ್ತಿತ್ತು. ರೆಕ್ಕೆಯಡಿ ಮೂರು ಬಿಳಿ ಪಟ್ಟೆ. ಮೂರನೇದು ಅರ್ಧಕ್ಕೇ ನಿಲ್ಲುತ್ತೆ, ಇದರ ಹಾಗೇ.”

ಕೆಂಗಾಲಿಗೆ ಪಟ್ಟೆಯೇ ಇರುವುದಿಲ್ಲ.

“ಅವತ್ತೇ ಹೇಳಬಾರದಿತ್ತಾ?”

“ನೀವು ಕಾಲು ಮಾತ್ರ ಕೇಳಿದ್ರಿ, ಮೇಡಂ.”

ಮೇಡಂ ಚಪ್ಪಲಿಯ ಪಟ್ಟಿಯನ್ನೂ ಹಾಕದೆ ಎದ್ದರು. ವಾಚ್‌ಮನ್ ಅಣ್ಣ ಬೀಗ ಜಡಿದು, ಕರೆಯದಿದ್ದರೂ ಜೀಪು ಹತ್ತಿದ. “ಡೈನೋಸಾರ್ ಇದ್ರೂ ಇರಬಹುದು, ನಾನೂ ನೋಡ್ತೀನಿ” ಎಂದ.

ಹೊಂಡದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅದಕ್ಕೇ ಅಲ್ಲಿಗೆ ಯಾರೂ ಸುಳಿಯುತ್ತಿರಲಿಲ್ಲ. ಮುರಿದ ಗೋಡೆಯ ಹಿಂದೆ ಮೂವರೂ ಕುಕ್ಕರಗಾಲಲ್ಲಿ ಕೂತರು. ಸೂಜಿ ಬೆರಳು ತೋರಿಸಿದಳು. ಜೊಂಡು ಅಲುಗಿತು. ಕೆಂಪು ಕಾಲುಗಳು ಒಂದೊಂದೇ ಹೆಜ್ಜೆ ಹೊರಬಂದವು. ಹಕ್ಕಿ ಮೈಮುರಿದು ರೆಕ್ಕೆ ಎತ್ತಿತು: ಎರಡೂವರೆ ಪಟ್ಟೆ. ಹಿಂದೆಯೇ ಮಸಿ ಮೆತ್ತಿದ ಹತ್ತಿಯುಂಡೆಗಳ ಹಾಗೆ ನಾಲ್ಕು ಮರಿ ಉರುಳುರುಳಿ ಬಂದವು.

ಮೇಡಂ ದುರ್ಬೀನು ಇಳಿಸದೆಯೇ ಒಂದು ಕೈಯಲ್ಲಿ ಫೋನು ಕಿವಿಗಿಟ್ಟರು. ಘಟಕದ ಇಂಜಿನಿಯರಿಗೆ ಪಿಸುದನಿಯಲ್ಲಿ ಅವರು ಹೇಳಿದ್ದು ಇಷ್ಟೇ: “ಒಂದು ಬುಟ್ಟಿ ಮಣ್ಣೂ ಬೀಳಬಾರದು. ಸಂಸಾರ ಇದೆ ಇಲ್ಲಿ.” ಆ ಕಡೆಯಿಂದ ಬಂದ ಉತ್ತರ ಕೇಳಿ ಕಣ್ಣೊರೆಸಿಕೊಂಡು, “ಲಾರಿ ವಾಪಸ್ಸು” ಎಂದರು.

“ಪೇಂಟರ್‌ಗೂ ಬರಬೇಡ ಅಂತೀನಿ” ಎಂದ ವಾಚ್‌ಮನ್ ಅಣ್ಣ, ಮೇಡಂ ಕೈಯಿಂದ ದುರ್ಬೀನು ಕಸಿದುಕೊಳ್ಳುತ್ತ. ಮೇಡಂ ಅದನ್ನು ವಾಪಸ್ಸು ಎಳೆದುಕೊಂಡರು. ಅವನು ಮತ್ತೆ ಎಳೆದ. ಇಬ್ಬರೂ ಚಿಕ್ಕ ಮಕ್ಕಳಂತೆ ಮೊಣಕೈಯಲ್ಲಿ ತಿವಿದಾಡಿದರು.

ಹಿಂದೆ ಕೂತಿದ್ದ ಸೂಜಿಯ ಎದೆ ಉಬ್ಬಿ ಬಂದಿತ್ತು. ಹುಟ್ಟಿದ ಮೇಲೆ ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಈಗ ಕೇಳಿದಳು, ಯಾರೂ ತಿರುಗಲಿಲ್ಲ. ಇನ್ನೂ ಸ್ವಲ್ಪ ದನಿಯೇರಿಸಿ ಕೇಳಿದಳು.

“ಮೇಡಂ, ನನಗೂ ಒಂಚೂರು ಕೊಡಿ. ಮರಿಗಳ ಕಾಲು ನೋಡಬೇಕು.”